ಪದಚರ್ಚೆ: ‘ನಿರೀಕ್ಷಣಾ ಬಾವಿ’ ಸರಿಯೇ? (ಬೋರ್ಡಿಗೆ, ತುರ್ತು)

ಬದಿಯಡ್ಕದಿಂದ:
ಕಾಸರಗೋಡಿನ ನಮ್ಮ ಪಂಚಾಯತಿನ ಒಂದು ತೆರೆದ ಬಾವಿಗೂ ಅದೇ ಹಿತ್ತಿಲಿನ ಒಂದು ಕೊಳವೆಬಾವಿಗೂ ಮಲಯಾಳ, ಕನ್ನಡ ಎರಡರಲ್ಲೂ ಬೋರ್ಡು ಬರೆಸಬೇಕಾಗಿದೆ. ಎರಡರಲ್ಲೂ ನೀರಿನ ಮಟ್ಟ ಅಳೆಯುತ್ತಾರೆ. ಮಲಯಾಳದಲ್ಲಿ ‘ನಿರೀಕ್ಷಣ ಕಿಣರ್’ ಎಂದಿದೆ. ಕನ್ನಡದ ಕರಡಿನಲ್ಲಿ ಅದನ್ನೇ ಎತ್ತಿ ‘ನಿರೀಕ್ಷಣಾ ಬಾವಿ’ ಮಾಡಿದ್ದಾರೆ. ಕೆಳಗೆ ‘ಜಲಮಟ್ಟ: 8.40 ಮೀ’, ‘ಪ್ರಕ್ಷುಬ್ಧತೆ: 3’ ಎಂದು ಎರಡು ಸಾಲು. ಮೂರೂ ಕಣ್ಣಿಗೆ ಚುಚ್ಚುತ್ತವೆ. ಬೋರ್ಡಿನ ಅಗಲ 3 ಅಡಿ, ಉದ್ದದ ಪದ ಹಿಡಿಸದು. ಪೈಂಟರು ಶುಕ್ರವಾರ ಬರುತ್ತಾರೆ.

ನೀರ್ಚಾಲಿನಿಂದ:
ನಿರೀಕ್ಷಣಾ ಬೇಡವೇ ಬೇಡ. ರೈಲು ನಿಲ್ದಾಣದಲ್ಲಿ ‘ನಿರೀಕ್ಷಣಾ ಕೊಠಡಿ’ ಎಂದರೆ ಕಾಯುವ ಕೋಣೆ. ಮಲಯಾಳದಲ್ಲಿ ಆ ಪದಕ್ಕೆ ಗಮನಿಸಿ ನೋಡುವುದು ಎಂಬ ಅರ್ಥ ಉಳಿದಿದೆ, ನಮ್ಮಲ್ಲಿ ಅದು ಎದುರು ನೋಡುವುದಾಗಿದೆ. ನೀರು ಬರಲಿ ಎಂದು ಕಾಯುವ ಬಾವಿ ಎಂದೇ ಓದಿಕೊಳ್ಳುತ್ತಾರೆ. ‘ಅಳತೆ ಬಾವಿ’ ಎಂದು ಬರೆಸಿ.

ಮಂಜೇಶ್ವರದಿಂದ:
ಅಷ್ಟು ಅವಸರ ಬೇಡ. ‘ನಿರ್’ ಮತ್ತು ‘ಈಕ್ಷ್’ ಸೇರಿ ಆದ ಪದ. ಈಕ್ಷಿಸು ಎಂದರೆ ನೋಡು. ಪರೀಕ್ಷೆ, ವೀಕ್ಷಣೆ, ಅಪೇಕ್ಷೆ, ಉಪೇಕ್ಷೆ ಎಲ್ಲ ಅದೇ ಬೇರಿನವು. ಕಂದಾಯ ನಿರೀಕ್ಷಕರು ಏನನ್ನು ಕಾಯುತ್ತಾರೆ? ಹಳೆಯ ಅರ್ಥ ಕನ್ನಡದಲ್ಲೂ ಬದುಕಿದೆ. ಮೂಲಾರ್ಥ ಕೈಬಿಟ್ಟವರು ನಾವು, ತಪ್ಪು ಪದದ್ದಲ್ಲ.

ನೀರ್ಚಾಲಿನಿಂದ:
ಬಾವಿಗೆ ನೀರು ಸೇದಲು ಬಂದವರು ಧಾತು ಬಿಡಿಸಿ ಓದುವುದಿಲ್ಲ. ‘ನಿರೀಕ್ಷಕ’ ಹುದ್ದೆಯ ಹೆಸರಾಗಿ ಗಟ್ಟಿಯಾಗಿದೆ, ಅಷ್ಟೇ. ಅದರಿಂದ ‘ನಿರೀಕ್ಷಣೆ’ಗೆ ಅರ್ಥ ಸಾಲ ಸಿಗುವುದಿಲ್ಲ.

ಮುಳ್ಳೇರಿಯದಿಂದ:
ಹೆಸರಿನ ಜಗಳಕ್ಕಿಂತ ಎರಡನೇ ಸಾಲಿನ ತಪ್ಪು ದೊಡ್ಡದು. ‘ಮಟ್ಟ: 8.40 ಮೀ’ ಎಂದರೆ ಏನು? ತಳದಿಂದ ಮೇಲಕ್ಕೆ ಅಷ್ಟು ನೀರಿದೆಯೇ, ನೆಲದಿಂದ ಕೆಳಕ್ಕೆ ಅಷ್ಟು ದೂರದಲ್ಲಿ ನೀರಿದೆಯೇ? ಮೊದಲನೆಯದಾದರೆ ಅಂಕೆ ಏರಿದಷ್ಟೂ ಒಳ್ಳೆಯದು, ಎರಡನೆಯದಾದರೆ ಏರಿದಷ್ಟೂ ಕೆಟ್ಟದ್ದು. ಅಳೆಯುವವರು ಬರೆದಿಡುವುದು ಎರಡನೆಯದನ್ನು. ಆದ್ದರಿಂದ ‘ನೆಲದಿಂದ ನೀರಿಗೆ’ ಎಂದು ಬರೆಸಿ. ‘ಆಳ’ ಎಂದಷ್ಟೇ ಬರೆದರೆ ಬಾವಿಯ ಆಳ ಎಂದುಕೊಳ್ಳುತ್ತಾರೆ.

ಅಂಕೆ ಸಿಗುವ ಬಗೆ ನೋಡಿದರೆ ಪದವೂ ತಿಳಿಯಾಗುತ್ತದೆ. ಸ್ಟೀಲ್ ಟೇಪಿನ ತುದಿಯ ಒಂದೆರಡು ಮೀಟರಿಗೆ ಸೀಮೆಸುಣ್ಣ ಹಚ್ಚಿ ಇಳಿಸುತ್ತಾರೆ. ಬಾವಿಕಟ್ಟೆಯ ಮೇಲೆ ಬಣ್ಣದಲ್ಲಿ ಹಾಕಿದ ಗುರುತಿಗೆ ಟೇಪಿನ 10.00 ಮೀಟರನ್ನು ಹಿಡಿದು ಎತ್ತಿದಾಗ ಸುಣ್ಣ 0.85 ಮೀಟರಿನಷ್ಟು ಒದ್ದೆಯಾಗಿದ್ದರೆ, ಗುರುತಿನಿಂದ ನೀರಿಗೆ 9.15. ಕಟ್ಟೆಯ ಎತ್ತರ 0.75 ಕಳೆದರೆ 8.40. ಕಟ್ಟೆ ಕಳೆಯಲು ಮರೆಯುವುದು, ಕಟ್ಟೆಯನ್ನು ಎತ್ತರಿಸಿ ಕಟ್ಟಿದ ಮೇಲೂ ಹಳೆಯ 0.75 ಅನ್ನೇ ಕಳೆಯುವುದು, ಇವೆರಡೂ ಪದೇ ಪದೇ ಆಗುವ ತಪ್ಪು. ಆ ಗುರುತಿಗೂ ಒಂದು ಪದ ಬೇಕು. ‘ಅಳತೆಗುರುತು’ ಸಾಕು. ಪಂಪು ಓಡುತ್ತಿದ್ದಾಗ, ನಿಲ್ಲಿಸಿದ ಕೂಡಲೇ, ಅಳೆಯಬಾರದು. ಎಳೆದ ನೀರು ಮತ್ತೆ ಊರಿ ನಿಂತ ಮೇಲೆ, ಬೆಳಿಗ್ಗೆ ಪಂಪು ಹಾಕುವ ಮೊದಲು ಅಳೆಯಬೇಕು.

ಮಂಜೇಶ್ವರದಿಂದ:
ಅಳತೆಯ ವಿಷಯ ಒಪ್ಪಿದೆ. ಆದರೆ ‘ಜಲಮಟ್ಟ’ ಅರಿಸಮಾಸ. ಸಂಸ್ಕೃತದ ಜಲಕ್ಕೆ ಕನ್ನಡದ ಮಟ್ಟ ಕಟ್ಟುವುದನ್ನು ವೈಯಾಕರಣ ಕೇಶಿರಾಜ ದೋಷವೆಂದು ಹೇಳಿಯಾಗಿದೆ. ‘ನೀರ್ಮಟ್ಟ’ ಎಂದು ಬರೆಸಿ. ಕೊಳವೆಬಾವಿಗೆ ಪೀಜೋಮೀಟರ್ (ನೀರಿನ ಒತ್ತಡ ತೋರಿಸುವ ಕೊಳವೆ) ಎಂದು ಬರೆಯುವುದಾದರೆ ಅದಕ್ಕೂ ‘ಒತ್ತಳಕ’ ಎಂಬ ಅಚ್ಚ ಪದ ಆಗುತ್ತದೆ. ಗ್ರೀಕಿನಲ್ಲಿ ಆ ಪದದ ಮೊದಲ ಭಾಗಕ್ಕೆ ಒತ್ತು ಎಂದೇ ಅರ್ಥ.

ಪೆರ್ಲದಿಂದ:
ಕೇಶಿರಾಜ ಬಿರುದಾವಳಿಗೂ ಹಿಂದಿನ ಕವಿಗಳ ಪ್ರಯೋಗಕ್ಕೂ ವಿನಾಯಿತಿ ಕೊಟ್ಟದ್ದನ್ನು ಬಿಟ್ಟು ಹೇಳಬೇಡಿ. ‘ಒತ್ತಳಕ’ ಯಾರ ಬಾಯಲ್ಲೂ ಇಲ್ಲ. ಬೋರ್ಡು ಪದ ಹುಟ್ಟಿಸುವ ಜಾಗವೂ ಅಲ್ಲ. ಅಚ್ಚಗನ್ನಡವೇ ಬೇಕೆಂದು ಹಟ ಹಿಡಿದರೆ ಬಾವಿಯನ್ನೂ ಬಿಡಬೇಕಾಗುತ್ತದೆ. ಅದು ‘ವಾಪಿ’ಯ ತದ್ಭವ. ಎಣ್ಮಕಜೆ, ಬಾಯಾರಿನಲ್ಲಿ ಮುರಕಲ್ಲಿನ (ಕೆಂಪುಕಲ್ಲಿನ) ಗುಡ್ಡಕ್ಕೆ ಅಡ್ಡಲಾಗಿ, ಒಬ್ಬರು ನುಸುಳುವಷ್ಟೇ ಅಗಲಕ್ಕೆ ಕೊರೆದು ನೀರು ಹರಿಸಿಕೊಂಡು ಬರುವ ‘ಸುರಂಗ’ ಇದೆಯಲ್ಲ, ಆ ಪದ ಗ್ರೀಕಿನ ‘ಸಿರಿಂಕ್ಸ್’ನಿಂದ ಸಂಸ್ಕೃತಕ್ಕೆ ಬಂದು ನಮಗೆ ಸಿಕ್ಕಿತೆಂದು ವಿದ್ವಾಂಸರು ಹೇಳುತ್ತಾರೆ. ನಮ್ಮ ನೆಲದ್ದೇ ಎನ್ನಿಸುವ ನೀರಿನ ಪದಗಳಲ್ಲಿ ಅದು ಮೊದಲನೆಯದು. ಅದನ್ನೂ ಬಿಡುವಿರಾ?

ಮಂಜೇಶ್ವರದಿಂದ:
ಬಾವಿ ತದ್ಭವ, ಆದ್ದರಿಂದಲೇ ಕನ್ನಡದೊಡನೆ ಕೂಡುತ್ತದೆ. ‘ಅಳತೆ ಬಾವಿ’ಗೆ ನನ್ನ ಆಕ್ಷೇಪ ಇಲ್ಲದಿರುವುದು ಆ ಕಾರಣಕ್ಕೆ. ನಿಯಮ ಓದಿ ಮಾತಾಡಿ.

ಮುಳ್ಳೇರಿಯದಿಂದ:
ಪೀಜೋಮೀಟರ್ ಎಂಬ ಹೆಸರು ಅಲ್ಲಿ ಕೆಲಸಕ್ಕೆ ಬೇಕು, ಬಿಡಬೇಡಿ. ತೆರೆದ ಬಾವಿ ಮುರಕಲ್ಲಿನ, ಶೇಡಿ ಮಣ್ಣಿನ (ನುಣುಪಾದ ಬಿಳಿ ಜೇಡಿಯ) ಮೇಲುಪದರದ ನೀರನ್ನು ತೋರಿಸುತ್ತದೆ. ಪೀಜೋಮೀಟರ್ ಅಡಿಯ ಗಟ್ಟಿಶಿಲೆಯ ಬಿರುಕಿನ ನೀರಿಗೆ ಎಷ್ಟು ಒತ್ತಡ ಇದೆ ಎಂಬುದನ್ನು ತೋರಿಸುತ್ತದೆ. ಒಂದೇ ಹಿತ್ತಿಲಿನಲ್ಲಿದ್ದರೂ ಎರಡರ ಅಂಕೆ ಬೇರೆ ಬರಬಹುದು, ಬರುವುದೇ ಹೆಚ್ಚು. ಎರಡಕ್ಕೂ ‘ಅಳತೆ ಬಾವಿ’ ಎಂದೇ ಬರೆದರೆ ನೋಡಿದವರು ಒಂದು ಅಂಕೆ ತಪ್ಪೆಂದು ಹೇಳುತ್ತಾರೆ. ಕೇಸಿಂಗ್ ಪೈಪು (ಕೊಳವೆಬಾವಿಯ ಹೊರಪೈಪು) ಗಟ್ಟಿಶಿಲೆಯೊಳಗೆ ಸರಿಯಾಗಿ ಕೂತಿಲ್ಲವಾದರೆ ಮೇಲಿನ ನೀರು ಕೆಳಗಿಳಿದು ಅಂಕೆ ಎರಡೂ ಪದರದ ಕಲಬೆರಕೆಯಾಗುತ್ತದೆ. ಅದು ಬೇರೆ ಮಾತು.

ಇನ್ನೊಂದು ಎಚ್ಚರ: ಕೊರೆಯುವಾಗ ನೀರು ಸಿಕ್ಕ ಆಳ ಬೇರೆ, ಆಮೇಲೆ ಪೈಪಿನೊಳಗೆ ಏರಿ ನಿಂತ ಆಳ ಬೇರೆ. ಬೋರ್ಡಿಗೆ ಬೇಕಾದದ್ದು ನಿಂತದ್ದು.

ಬದಿಯಡ್ಕದಿಂದ:
ಉಪಕಾರ. ‘ಪ್ರಕ್ಷುಬ್ಧತೆ’ಗೆ (ಇಂಗ್ಲಿಷಿನ ಟರ್ಬಿಡಿಟಿ)? ‘ಬಗ್ಗಡ’ ಆಗಬಹುದೇ?

ನೀರ್ಚಾಲಿನಿಂದ:
ಪ್ರಕ್ಷುಬ್ಧ ಆಗುವುದು ಕಡಲು, ಇಲ್ಲವೇ ಜನ. ಕಂಪ್ಯೂಟರಿನ ಅನುವಾದ ಇರಬೇಕು.

ಮುಳ್ಳೇರಿಯದಿಂದ:
ಬಗ್ಗಡ ಬೇಡ. ಕೆಸರು ಕಲಸಿ ಮಂದವಾದ ನೀರಿಗೆ ಅದನ್ನು ಹೇಳುತ್ತೇವೆ. ಇಲ್ಲಿ ಅಂಕೆ 3 ಎನ್.ಟಿ.ಯು. (ಟರ್ಬಿಡಿಟಿ ಅಳೆಯುವ ಏಕಮಾನ). ಕುಡಿಯುವ ನೀರಿನ ಐಎಸ್ 10500 ಮಾನಕದಲ್ಲಿ ಮಿತಿ 1, ಬೇರೆ ನೀರಿಲ್ಲದಿದ್ದರೆ 5ರ ತನಕ. ಅಷ್ಟರೊಳಗಿನದ್ದು ಲೋಟದಲ್ಲಿ ಕಣ್ಣಿಗೆ ಸುಲಭದಲ್ಲಿ ಕಾಣದು. ನೀರಿನ ಮೂಲಕ ಬೆಳಕು ಹಾಯಿಸಿ, ತೇಲುವ ಕಣಗಳು ಅದನ್ನು ಪಕ್ಕಕ್ಕೆ ಎಷ್ಟು ಚದರಿಸುತ್ತವೆ ಎಂದು ಉಪಕರಣ ಅಳೆಯುತ್ತದೆ. ‘ಬಗ್ಗಡ: 3’ ಎಂದು ಓದಿದವರು ಆ ನೀರನ್ನು ಮುಟ್ಟಲಿಕ್ಕಿಲ್ಲ. ‘ಕದಡು’ ಸರಿ. ಶೇಡಿ ಮಣ್ಣು ತಾಗಿದ ಬಾವಿಯಲ್ಲಿ ಮೊದಲ ಮಳೆಗೆ ನೀರು ಹಾಲು ಬೆರೆಸಿದಂತೆ ಬೆಳ್ಳಗಾಗುತ್ತದಲ್ಲ, ಆ ಕಣ ಬಲು ಸಣ್ಣದು, ದಿನಗಟ್ಟಲೆ ತಳ ಸೇರುವುದಿಲ್ಲ. ಅದಕ್ಕೂ ಕದಡು ಹೊಂದುತ್ತದೆ, ಬಗ್ಗಡ ಹೊಂದದು.

ಮಂಜೇಶ್ವರದಿಂದ:
ಕದಡು ಕ್ರಿಯಾಪದ.

ಪೆರ್ಲದಿಂದ:
ನಗು, ಅಳು, ಓದು, ಹಾಡು ನಾಮಪದವೂ ಅಲ್ಲವೇ? ಸಾಕು.

ಮಲಯಾಳದಿಂದ ಎತ್ತಿದ ಸಂಸ್ಕೃತ ಪದಗಳ ಬಗ್ಗೆ ಮಾತ್ರ ಗಂಭೀರವಾಗಿ ಹೇಳಬೇಕು. ಇಂಗ್ಲಿಷಿನ ಸಾಲ ಕಂಡ ಕೂಡಲೇ ಗೊತ್ತಾಗುತ್ತದೆ. ಪೀಜೋಮೀಟರ್ ಅರ್ಥವಾಗದವರು ಕೇಳಿ ತಿಳಿದುಕೊಳ್ಳುತ್ತಾರೆ. ‘ನಿರೀಕ್ಷಣಾ’ ಓದಿದವರು ತಮಗೆ ಅರ್ಥವಾಯಿತೆಂದು ನಂಬಿ ಮುಂದೆ ಹೋಗುತ್ತಾರೆ. ‘ಅವಕಾಶ’ ಅಲ್ಲಿ ಹಕ್ಕು, ಇಲ್ಲಿ ಸಂದರ್ಭ. ‘ಜಲವಿತಾನ’ ಅಲ್ಲಿ ನೀರಿನ ಮಟ್ಟ, ಇಲ್ಲಿ ವಿತಾನ ಎಂದರೆ ಮೇಲುಕಟ್ಟು. ‘ಜಲನಿಧಿ’ ಕೇರಳದಲ್ಲಿ ಕುಡಿಯುವ ನೀರಿನ ಯೋಜನೆ, ಹಳೆಗನ್ನಡ ಓದಿದವರಿಗೆ ಕಡಲು. ಲಿಪಿ ಬದಲಿಸಿದ ಮಾತ್ರಕ್ಕೆ ಅನುವಾದ ಆಗುವುದಿಲ್ಲ. ಕಾಸರಗೋಡಿನ ಕನ್ನಡ ಬೋರ್ಡು ಹಾಳಾಗುತ್ತಿರುವುದು ಇದರಿಂದ, ಬೋರ್‌ವೆಲ್ ಎಂಬ ಪದದಿಂದಲ್ಲ.

ನೀರ್ಚಾಲಿನಿಂದ:
ಹಾಗೆಂದು ಬೆಂಗಳೂರಿನ ಪದವೇ ಗತಿ ಎಂದೂ ಆಗಬಾರದು. ನಮ್ಮಲ್ಲಿ ‘ತೋಡು’ ಹರಿಯುವ ನೀರು. ಅದನ್ನು ‘ಹಳ್ಳ’ ಎಂದು ತಿದ್ದಿದರೆ ಇಲ್ಲಿಯವರಿಗೆ ಗುಂಡಿ ಬಿದ್ದ ರಸ್ತೆ ನೆನಪಾದೀತು. ಕಟ್ಟ, ಮದಕ (ಮಳೆನೀರು ನಿಲ್ಲುವ ಕೆರೆ), ಅಳಿವೆ (ಹೊಳೆ ಕಡಲು ಸೇರುವಲ್ಲಿ) ಇವಕ್ಕೆ ಬದಲಿ ಹುಡುಕುವುದೇ ತಪ್ಪು. ಬೇಸಗೆಯಲ್ಲಿ ತೋಡಿಗೆ ಹಾಕುವ ಕಟ್ಟಕ್ಕೆ ‘ತಾತ್ಕಾಲಿಕ ತಡೆ ಅಣೆಕಟ್ಟು’ ಎಂದು ಯಾರೂ ಬರೆಯಬೇಡಿ.

ಮಂಜೇಶ್ವರದಿಂದ:
ಇದನ್ನು ಒಪ್ಪುತ್ತೇನೆ. ನಿರೀಕ್ಷಣೆಯ ಬಗ್ಗೆ ಅಭಿಪ್ರಾಯ ಬದಲಿಸಿಲ್ಲ.

ಬದಿಯಡ್ಕದಿಂದ:
ಪೈಂಟರಿಗೆ ಹೀಗೆ ಕೊಡುತ್ತೇನೆ.
ಮೊದಲನೆಯದು: ‘ಅಂತರ್ಜಲ ಅಳತೆ ಬಾವಿ / ನೆಲದಿಂದ ನೀರಿಗೆ: 8.40 ಮೀ / ಕದಡು: 3 ಎನ್.ಟಿ.ಯು.’
ಎರಡನೆಯದು: ‘ಪೀಜೋಮೀಟರ್ (ಕೊಳವೆ) / ಶಿಲೆಯ ಬಿರುಕಿನ ನೀರು / ನೆಲದಿಂದ ನೀರಿಗೆ: … ಮೀ’

ಮುಳ್ಳೇರಿಯದಿಂದ:
ಅಂಕೆಗಳನ್ನು ಪೈಂಟಿನಲ್ಲಿ ಬರೆಸಬೇಡಿ ಮಾಷ್ಟ್ರೇ. ಕೇಂದ್ರ ಅಂತರ್ಜಲ ಮಂಡಳಿಯ ಕ್ರಮದಂತೆ ವರ್ಷಕ್ಕೆ 4 ಸಲ, ಅಂದರೆ ಜನವರಿಯಲ್ಲಿ, ಮಳೆಗಾಲಕ್ಕೆ ಮುನ್ನ, ಆಗಸ್ಟಿನಲ್ಲಿ, ನವೆಂಬರಿನಲ್ಲಿ ಅಳೆದರೆ ನಾಲ್ಕು ಸಲವೂ ಅಂಕೆ ಬದಲಾಗುತ್ತದೆ. ಆ ಜಾಗಕ್ಕೆ ಕಪ್ಪು ಬಣ್ಣ ಬಳಿಸಿ, ಸೀಮೆಸುಣ್ಣದಲ್ಲಿ ಬರೆಯಿರಿ, ಮೇಲೊಂದು ಸಣ್ಣ ಮಾಡು (ಸೂರು) ಇರಲಿ. ‘ಅಳೆದ ದಿನ’ ಎಂಬ ಸಾಲನ್ನು ಬಿಟ್ಟಿದ್ದೀರಿ. ಬರೀ ‘ದಿನಾಂಕ’ ಎಂದರೆ ಬೋರ್ಡು ಹಾಕಿದ ದಿನ ಎಂದು ತಿಳಿಯುತ್ತಾರೆ.