ಸಭಾ ಕಮಿಟಿಗೆ ಯಾರನ್ನು ಆರಿಸಬೇಕು? ಅನುಭವ ಇದ್ದವರು ಹೇಳಿ

ಪ್ರಶ್ನೆ ಕೇಳಿದವರು:
ಎಲ್ಲರಿಗೂ ವಂದನೆ. ನಮ್ಮದು ತಾಲ್ಲೂಕು ಕೇಂದ್ರದಲ್ಲಿರುವ ಸಿಎಸ್‌ಐ (ಚರ್ಚ್ ಆಫ್ ಸೌತ್ ಇಂಡಿಯಾ) ಸಭೆ, ಅಂದರೆ ಒಂದು ಚರ್ಚಿಗೆ ಸೇರಿದ ಕುಟುಂಬಗಳು. ಸುಮಾರು 140 ಮನೆ. ಮುಂದಿನ ತಿಂಗಳು ಕಮಿಟಿ ಚುನಾವಣೆ, 11 ಸ್ಥಾನ. ಯೋಗ್ಯರನ್ನು ಹುಡುಕಿ, ನಿಲ್ಲಲು ಒಪ್ಪಿಸಿ ಅಂತ ಅಯ್ಯನವರು (ಸಭೆಯ ಪಾದ್ರಿ) ನನಗೂ ಇನ್ನಿಬ್ಬರಿಗೂ ಹೇಳಿದ್ದಾರೆ. 20 ವರ್ಷದಿಂದ ಅದೇ ಮೂರು ಮನೆಯವರೇ ಇದ್ದಾರೆ. ಯುವಕರನ್ನು ಕೇಳಿದರೆ "ಆ ಜಗಳಕ್ಕೆ ನಾವು ಬರಲ್ಲ ಅಂಕಲ್" ಅನ್ನುತ್ತಾರೆ. ನಿಮ್ಮ ಸಭೆಗಳಲ್ಲಿ ಹೇಗೆ ಆರಿಸಿದಿರಿ? ಒಬ್ಬರನ್ನು ಕೇಳುವ ಮೊದಲು ಅವರಲ್ಲಿ ಏನು ನೋಡಬೇಕು?

ಮಾಜಿ ಖಜಾಂಚಿ:
ಆರು ವರ್ಷ ಖಜಾಂಚಿಯಾಗಿದ್ದೆ. ಮೊದಲ ಮಾತು, ಕೆಲಸಕ್ಕೆ ಆಗುತ್ತಾರೆ ಅಂತ ಕಂಟ್ರಾಕ್ಟರನ್ನು ಕಮಿಟಿಗೆ ತರಬೇಡಿ. ನಾವು ತಂದೆವು. ದೇವಾಲಯದ (ಚರ್ಚಿನ) ಹೆಂಚು ಸೋರುತ್ತಿತ್ತು, ರೀಪುಗಳಿಗೆ ಗೆದ್ದಲು ಹಿಡಿದಿತ್ತು. ಅವರ ಕೋಟೇಷನ್ 3,80,000. ಮುಗಿಯುವಾಗ 6,12,000. ಮರದ ಬಿಲ್ಲು ಅವರ ಭಾವಮೈದುನನ ಅಂಗಡಿಯದು. ಹೆಂಚಿನ ಲಾರಿ ಬಾಡಿಗೆ ಎರಡು ಸಲ ಬರೆದಿದ್ದರು, ಒಂದೇ ದಿನಾಂಕಕ್ಕೆ. ನಾನು ಸಹಿ ಹಾಕಲ್ಲ ಅಂದೆ. ಕೆಲಸ ನಿಂತಿತು. ಮಳೆಗಾಲ ಎದುರಿಗೇ ಇತ್ತು. ಕೊನೆಗೆ ಕೂಲಿಯವರಿಗೆ 42,000 ನನ್ನ ಕೈಯಿಂದ ಕೊಟ್ಟೆ. ಅದು ವಾಪಸ್ ಬರಲು 14 ತಿಂಗಳು ಹಿಡಿಯಿತು. ಮನೆಯಲ್ಲಿ ಮಗಳ ಕಾಲೇಜು ಫೀಸಿನ ಸಮಯ ಅದು.

ಎರಡನೆಯದು, ಸುಗ್ಗಿ ಹಬ್ಬದಲ್ಲಿ ದೇವರಿಗೆ ತಂದ ಪ್ರಥಮ ಫಲದ ಹರಾಜು. ಎಲ್ಲರೂ ಕೈ ಎತ್ತಿ ಕೂಗುತ್ತಾರೆ, ದುಡ್ಡು ಕೊಡಲ್ಲ. ನಾನು ಅಧಿಕಾರ ತೆಗೆದುಕೊಂಡಾಗ ಹರಾಜಿನ ಬಾಕಿಯೇ 1,17,450. 63 ಹೆಸರು. ಮಹಾಸಭೆಯಲ್ಲಿ ಎದ್ದು ನಿಂತು ಪೂರ್ತಿ ಪಟ್ಟಿ ಓದಿದೆ. ನಾಲ್ಕು ಮನೆಯವರು ಬೇರೆ ಸಭೆಗೆ ಹೋದರು. ಆದರೆ 91,000 ವಸೂಲಾಯಿತು. ಬಾಕಿ ಇಟ್ಟವರನ್ನು ಕಮಿಟಿಗೆ ನಿಲ್ಲಿಸಲೇಬೇಡಿ. ಇದು ನನ್ನ ಅನುಭವದ ಮಾತು.

ಸ್ತ್ರೀ ಸಂಘದ ಕಾರ್ಯದರ್ಶಿ:
ಮಾಜಿ ಖಜಾಂಚಿ ಅಣ್ಣ, ಓದಿ ಹೊಟ್ಟೆ ಉರಿಯಿತು. ನಮ್ಮ ಸಭೆಯಲ್ಲೂ ಹೀಗೇ ಒಬ್ಬರು ಪಟ್ಟಿ ಓದಿದ್ದರು. ಅದರಲ್ಲಿ ನಮ್ಮ ಅಮ್ಮನ ಹೆಸರಿತ್ತು. ಒಂದು ಬಾಳೆಗೊನೆಗೆ 650 ರೂಪಾಯಿ. ಅಪ್ಪ ತೀರಿಕೊಂಡು ಐದು ತಿಂಗಳಾಗಿತ್ತು. ಕೂಗಿದ್ದು ಅಪ್ಪ, ಬಾಕಿ ಉಳಿದದ್ದು ಅಮ್ಮನ ತಲೆಗೆ. ಮಾರನೇ ದಿನವೇ ಓಲೆ ಅಡವಿಟ್ಟು ಕಟ್ಟಿದರು. ಆಮೇಲೆ ಸಾಯುವ ತನಕ ಆ ದೇವಾಲಯದಲ್ಲಿ ಕರ್ತನ ಭೋಜನ (ಆರಾಧನೆಯಲ್ಲಿ ಕೊಡುವ ರೊಟ್ಟಿ, ದ್ರಾಕ್ಷಾರಸ) ತೆಗೆದುಕೊಳ್ಳಲಿಲ್ಲ. ನಿಮ್ಮ 91,000ದಲ್ಲಿ ಇಂಥ ಓಲೆ ಎಷ್ಟಿವೆಯೋ ನೋಡಿ.

ಈಗ ನನ್ನ ಕಥೆ. ಮೊದಲ ಸಲ ನಿಂತಾಗ 4 ವೋಟಿನಲ್ಲಿ ಸೋತೆ. ಮತದಾರರ ಪಟ್ಟಿ ತಂದು ನೋಡಿದರೆ 31 ಹೆಂಗಸರ ಹೆಸರೇ ಇರಲಿಲ್ಲ. ಕಾರಣ, ಚಂದಾ ಬಾಕಿ ಇದ್ದವರಿಗೆ ವೋಟಿಲ್ಲ ಅಂತ. ಆದರೆ ಯಾರ ಮನೆಯಲ್ಲೂ ಬಾಕಿ ಇರಲಿಲ್ಲ! ಪ್ರತಿ ತಿಂಗಳ ಲಕೋಟೆ ಯಜಮಾನರ ಹೆಸರಿನಲ್ಲಿ ಹೋಗುತ್ತಿತ್ತು. ರಸೀದಿಯೂ ಅವರ ಹೆಸರಿಗೆ. ಹಾಗಾಗಿ ಪುಸ್ತಕದ ಪ್ರಕಾರ ಹೆಂಗಸರು ಒಂದು ರೂಪಾಯಿಯೂ ಕೊಟ್ಟಿಲ್ಲ. ಬೆಳಿಗ್ಗೆ ಐದಕ್ಕೆ ಎದ್ದು ದೇವಾಲಯ ಗುಡಿಸುವವರು, ಸಂಡೇ ಸ್ಕೂಲ್ ನಡೆಸುವವರು, ರೋಗಿಗಳ ಮನೆಗೆ ಹೋಗುವವರು. ಅವರಿಗೆ ವೋಟಿಲ್ಲ.

ಮೂರು ವರ್ಷ ಮನೆ ಮನೆ ತಿರುಗಿದೆ. ತಿಂಗಳಿಗೆ 50 ರೂಪಾಯಿ ನಿಮ್ಮದೇ ಹೆಸರಲ್ಲಿ ಹಾಕಿ ಅಂತ ಬೇಡಿಕೊಂಡೆ. ಕೆಲವು ಗಂಡಂದಿರು ಗದರಿದರು. ಎರಡನೇ ಸಲ ಗೆದ್ದೆ. 2013ರಲ್ಲಿ ನಂದ್ಯಾಲದಲ್ಲಿ ಪುಷ್ಪಲಲಿತಾ ಅಮ್ಮನವರು ಸಿಎಸ್‌ಐನ ಮೊದಲ ಮಹಿಳಾ ಬಿಷಪ್ ಆದಾಗ ನಮ್ಮ ಸಭೆಯಲ್ಲಿ ಜೋರಾಗಿ ಚಪ್ಪಾಳೆ ಹೊಡೆದಿದ್ದರು. ಆಗ ನಮ್ಮ ಕಮಿಟಿಯಲ್ಲಿ ಒಬ್ಬ ಹೆಂಗಸೂ ಇರಲಿಲ್ಲ.

ಚೀಟಿ ಎತ್ತಿದ ಸಭೆಯವರು:
ನಮ್ಮಲ್ಲಿ ಚುನಾವಣೆಯೇ ಬೇಡ ಅನ್ನಿಸುವಷ್ಟು ಅನುಭವಿಸಿದ್ದೇವೆ. ಎರಡು ಗುಂಪು. ಎಣಿಕೆಯಲ್ಲಿ 9 ವೋಟು ತಿರಸ್ಕೃತ ಅಂದರು, ಸೋತವರು ಕೋರ್ಟಿಗೆ ಹೋದರು. ತಡೆಯಾಜ್ಞೆ ಬಂತು. ವಕೀಲರ ಫೀಸು ಮೊದಲು 85,000. ಆಮೇಲೆ ಪ್ರತಿ ವಾಯಿದೆಗೂ ಇಷ್ಟು ಅಂತ. ಎರಡೂ ಕಡೆ ಸೇರಿ 3,40,000 ಹೋಯಿತು. ಏಳು ಭಾನುವಾರ ದೇವಾಲಯಕ್ಕೆ ಬೀಗ. ಗರಿಗಳ ಭಾನುವಾರ (ಈಸ್ಟರ್‌ಗೆ ಹಿಂದಿನ ಭಾನುವಾರ) ಮಕ್ಕಳು ಗರಿ ಹಿಡಿದುಕೊಂಡು ರಸ್ತೆಯಲ್ಲಿ ನಿಂತಿದ್ದರು. ಶಾಮಿಯಾನದ ಬಾಡಿಗೆ ವಾರಕ್ಕೆ 3,500, ಮೈಕಿಗೆ ಬೇರೆ. ಒಂದು ಮದುವೆಯನ್ನು ಪಕ್ಕದ ಊರಿನಲ್ಲಿ ಮಾಡಬೇಕಾಯಿತು. ಹುಡುಗಿಯ ಅಜ್ಜ ಆ ದೇವಾಲಯಕ್ಕೆ ಕಲ್ಲು ಹೊತ್ತವರು.

ಆಮೇಲೆ ಹಿರಿಯರು ಕೂತು ಚೀಟಿ ಎತ್ತಿ ಆರಿಸಲು ಒಪ್ಪಿದರು. ಬೈಬಲಿನಲ್ಲಿ ಯೇಸುವಿಗೆ ದ್ರೋಹ ಮಾಡಿದ ಶಿಷ್ಯ ಯೂದನ ಜಾಗಕ್ಕೆ ಮತ್ತೀಯನನ್ನು ಆರಿಸಿದ ಹಾಗೆ. ಚೀಟಿ ನಿಯಮದಲ್ಲಿ ಇಲ್ಲ ಅಂತ ಮೇಲಿನಿಂದ ತಕರಾರು ಬಂತು. ಅದಕ್ಕೂ ದಾರಿ ಹುಡುಕಿದೆವು. ಎಲ್ಲರೂ ಸರಿಯಾಗಿಯೇ ನಾಮಪತ್ರ ಹಾಕಿದರು. ಉಪವಾಸ ಪ್ರಾರ್ಥನೆ ಆಯಿತು. ಸಂಡೇ ಸ್ಕೂಲ್ ಮಗು ಚೀಟಿ ಎತ್ತಿತು. ಹೆಸರು ಬಾರದವರು ನಾಮಪತ್ರ ವಾಪಸ್ ಪಡೆದರು. ಉಳಿದವರು ಅವಿರೋಧ ಆಯ್ಕೆ. ಒಂದು ರೂಪಾಯಿ ಖರ್ಚಿಲ್ಲ.

ಮಾಜಿ ಖಜಾಂಚಿ:
ಚೀಟಿ ಬಗ್ಗೆ ಹೇಳಿದವರು ಬೈಬಲಿನ ಅಪೊಸ್ತಲರ ಕೃತ್ಯ ಪುಸ್ತಕದ ಒಂದನೇ ಅಧ್ಯಾಯ ಪೂರ್ತಿ ಓದಲಿ. ಸಿಕ್ಕಿದವರ ಹೆಸರೆಲ್ಲ ಹಾಕಿ ಚೀಟಿ ಎತ್ತಲಿಲ್ಲ. ಯೋಹಾನನ ದೀಕ್ಷಾಸ್ನಾನದ ಕಾಲದಿಂದ ಯೇಸುವಿನ ಜೊತೆಗಿದ್ದವರೇ ಆಗಬೇಕು ಅಂತ ಮೊದಲು ಅಳೆದರು. ಇಬ್ಬರು ಉಳಿದರು. ಆಮೇಲೆ ಚೀಟಿ. ಆರನೇ ಅಧ್ಯಾಯದಲ್ಲಿ ವಿಧವೆಯರ ಊಟದ ವಿಷಯಕ್ಕೆ ಏಳು ಜನರನ್ನು ಆರಿಸಿದಾಗ ಚೀಟಿಯೇ ಇಲ್ಲ. ಒಳ್ಳೇ ಹೆಸರಿದೆಯಾ ಅಂತ ನೋಡಿ ಸಭೆಯೇ ಆರಿಸಿತು. ನಿಮ್ಮ ಚೀಟಿಯಲ್ಲಿ ನಾಳೆ ಆ ಕಂಟ್ರಾಕ್ಟರ್ ಹೆಸರು ಬಂದರೆ ಏನು ಮಾಡುತ್ತೀರಿ?

ಸಿಸ್ಟರ್, ನಿಮ್ಮ ಅಮ್ಮನ ವಿಷಯಕ್ಕೆ ಬೇಜಾರಿದೆ. ಆದರೆ ಓದಿದ್ದು ನಾನಲ್ಲ. ಲೆಕ್ಕ ಮುಚ್ಚಿಟ್ಟರೆ ಖಜಾಂಚಿ ಕಳ್ಳ ಅನ್ನುತ್ತೀರಿ, ಓದಿದರೆ ಕಲ್ಲೆದೆಯವನು ಅನ್ನುತ್ತೀರಿ.

ಸ್ತ್ರೀ ಸಂಘದ ಕಾರ್ಯದರ್ಶಿ:
ವಿಧವೆಯರ ಊಟದ ಅಧ್ಯಾಯ ನೀವೇ ಎತ್ತಿದಿರಲ್ಲ ಅಣ್ಣ. ಆ ಏಳು ಜನ ಅವರಿಗೆ ಬಡಿಸಲು ಬಂದವರು, ಬಾಕಿ ಓದಲು ಬಂದವರಲ್ಲ. ಮನೆಗೆ ಹೋಗಿ ಮೆಲ್ಲಗೆ ಕೇಳಬಹುದಿತ್ತು ಅಲ್ವಾ?

ಇಂಗ್ಲೆಂಡಿನಲ್ಲಿರುವ ಕನ್ನಡಿಗ:
ಇಲ್ಲಿ ಚರ್ಚ್ ಆಫ್ ಇಂಗ್ಲೆಂಡಿನ ಸಭೆಯಲ್ಲಿ ಮೂರು ವರ್ಷ ಪಿಸಿಸಿಯಲ್ಲಿದ್ದೆ, ಅಂದರೆ ಅಲ್ಲಿನ ಸಭಾ ಕಮಿಟಿ. ಸಾಮಾನ್ಯವಾಗಿ ಮೂರು ವರ್ಷದ ಅವಧಿ. ಪ್ರತಿ ವರ್ಷ ಮೂರನೇ ಒಂದು ಭಾಗದವರು ಇಳಿಯುತ್ತಾರೆ. ಹಾಗಾಗಿ ಎಲ್ಲರೂ ಒಟ್ಟಿಗೆ ಹೊಸಬರು ಅನ್ನುವ ಪರಿಸ್ಥಿತಿ ಬರಲ್ಲ, ಹಳಬರೇ ಕೂತುಬಿಡುವುದೂ ಕಡಿಮೆ. ವಾರ್ಷಿಕ ಸಭೆ ಮೇ 31ರೊಳಗೆ ಮುಗಿಯಬೇಕು. ಚರ್ಚ್‌ವಾರ್ಡನ್ (ಸಭೆಯ ಮುಖ್ಯ ಪದಾಧಿಕಾರಿ) ಆಯ್ಕೆಗಂತೂ ಆ ಪ್ಯಾರಿಷ್‌ನಲ್ಲಿ, ಅಂದರೆ ಆ ಚರ್ಚಿನ ವ್ಯಾಪ್ತಿಯಲ್ಲಿ, ವಾಸ ಇರುವ, ಊರಿನ ಮತಪಟ್ಟಿಯಲ್ಲಿರುವ ಯಾರು ಬೇಕಾದರೂ ಬಂದು ವೋಟು ಹಾಕಬಹುದು. ಆರಾಧನೆಗೆ ಬರದವರೂ ಸಹ. ನಮಗಿದ್ದ ಕಷ್ಟ ಬೇರೆ. ನಿಲ್ಲಲು ಜನವೇ ಇರಲಿಲ್ಲ. ಇಬ್ಬರು ಮಾಡುವ ಕೆಲಸ ನಾನೊಬ್ಬನೇ ಮಾಡಿದೆ. ಬಾಯ್ಲರ್ ಕೆಟ್ಟ ಚಳಿಗಾಲದಲ್ಲಿ 11 ಶನಿವಾರ ಅಲ್ಲೇ ಕಳೆದೆ. ನನ್ನ ಹೆಂಡತಿ ಇನ್ನೂ ಆ ಮಾತು ಎತ್ತುತ್ತಾಳೆ.

ಕರಾವಳಿಯ ಹಿರಿಯರು:
ಇಂಗ್ಲೆಂಡಿನ ಪದ್ಧತಿ ನಮಗೇಕೆ? ನಮ್ಮದು ಸ್ವಿಟ್ಜರ್ಲೆಂಡಿನ ಬಾಸೆಲ್ ಮಿಶನ್ ಕಟ್ಟಿದ ಸಭೆ. 1834ರಲ್ಲಿ ಮಂಗಳೂರಿಗೆ ಬಂದವರು ಜರ್ಮನ್ ಭಾಷೆಯವರು. ನಮ್ಮ ಅಜ್ಜ ಸಭೆಯ ಹಿರಿಯರಾಗಿದ್ದರು. ಯಾರ ಮನೆಯಲ್ಲಿ ಗಂಡ ಕುಡಿದು ಬರುತ್ತಾನೆ, ಯಾರ ಮಗು ಶಾಲೆ ಬಿಟ್ಟಿದೆ ಅಂತ ಗೊತ್ತಿರುವವರನ್ನು ಹಿರಿಯರು ಮಾಡುತ್ತಿದ್ದರು. ಬಿಲ್ಲು ನೋಡುವವರನ್ನಲ್ಲ.

ಇಂಗ್ಲೆಂಡಿನಲ್ಲಿರುವ ಕನ್ನಡಿಗ:
ಸರ್, 1947ರ ಸೆಪ್ಟೆಂಬರ್ 27ರಂದು ಮದ್ರಾಸಿನಲ್ಲಿ ಆಂಗ್ಲಿಕನ್ನರು (ಚರ್ಚ್ ಆಫ್ ಇಂಗ್ಲೆಂಡಿನ ಪರಂಪರೆಯವರು), ಮೆಥಡಿಸ್ಟರು, ಎಸ್‌ಐಯುಸಿಯವರು (ಸೌತ್ ಇಂಡಿಯಾ ಯುನೈಟೆಡ್ ಚರ್ಚ್) ಸೇರಿಯೇ ಸಿಎಸ್‌ಐ ಆದದ್ದು. ಇಂದು ಸಿಎಸ್‌ಐ ಆಂಗ್ಲಿಕನ್ ಒಕ್ಕೂಟದಲ್ಲೂ ಇದೆ. ಬಿಷಪ್ಪರನ್ನು ಒಪ್ಪಿಕೊಂಡು ಅವರ ಪದ್ಧತಿ ಬೇಡ ಅಂದರೆ ಹೇಗೆ?

ಮೈಸೂರು ಕಡೆಯವರು:
ನಮ್ಮ ಸಭೆ ವೆಸ್ಲಿಯನ್ನರದ್ದು, ಅಂದರೆ ಮೆಥಡಿಸ್ಟರದ್ದು. ಆಂಗ್ಲಿಕನ್ ಅಂದರೆ ಹಳಬರು ಇವತ್ತಿಗೂ ಮುಖ ತಿರುಗಿಸುತ್ತಾರೆ. ಅದು ಹಾಗಿರಲಿ. ಕರಾವಳಿ ಹಿರಿಯರೇ, ಬಿಲ್ಲು ನೋಡುವವರು ಬೇಡ ಅನ್ನುವ ಮಾತು ಒಪ್ಪಲ್ಲ. ನಮ್ಮ ಒಳ್ಳೇ ಹಿರಿಯರು ಕಾಂಪೌಂಡ್ ಪಕ್ಕದ ಜಾಗವನ್ನು 11 ವರ್ಷದ ಬಾಡಿಗೆಗೆ ಬರೆದುಕೊಟ್ಟರು, ಬಿಳಿ ಕಾಗದದಲ್ಲಿ. ಆಸ್ತಿ ಇರುವುದು ಸಿಎಸ್‌ಐ ಟ್ರಸ್ಟ್ ಅಸೋಸಿಯೇಷನ್ ಹೆಸರಲ್ಲಿ. ಕಮಿಟಿಗೆ ಹಾಗೆ ಬರೆಯುವ ಅಧಿಕಾರವೇ ಇಲ್ಲ. ಅವರು ಒಂದು ಪೈಸೆ ತಿಂದಿಲ್ಲ. ಆದರೂ ಬಾಡಿಗೆಯವರನ್ನು ಬಿಡಿಸಲು ಸಭೆಗೆ 2,15,000 ಖರ್ಚಾಯಿತು. ಸೌಮ್ಯ ಸ್ವಭಾವ ಒಂದೇ ಸಾಲದು.

ಕರಾವಳಿಯ ಹಿರಿಯರು:
ಒಬ್ಬರು ತಪ್ಪು ಮಾಡಿದರೆ ಎಲ್ಲ ಹಿರಿಯರನ್ನೂ ಹಾಗೆ ಅನ್ನಬೇಡಿ. ಆ ಹರಾಜೇ ಮೊದಲು ನಿಲ್ಲಬೇಕು. ದೇವರಿಗೆ ತಂದ ಪ್ರಥಮ ಫಲವನ್ನು ಸಂತೆಯ ಹಾಗೆ ಕೂಗುವುದು ಸರಿಯಲ್ಲ.

ಚೀಟಿ ಎತ್ತಿದ ಸಭೆಯವರು:
ಹರಾಜು ನಿಲ್ಲಿಸಿ ಅನ್ನುವುದು ಸುಲಭ. ನಮ್ಮ ಹಾಸ್ಟೆಲಿನ ಮಕ್ಕಳ ವರ್ಷದ ಅಕ್ಕಿ ಅದರಿಂದಲೇ ಬರುತ್ತದೆ. ಕೂಗಿ ಕೊಡದವರ ತಪ್ಪಿಗೆ ಹಬ್ಬವನ್ನು ಯಾಕೆ ಬೈಯುತ್ತೀರಿ?

ಪ್ರಶ್ನೆ ಕೇಳಿದವರು:
ಎಲ್ಲವನ್ನೂ ಓದಿದೆ. ನಿನ್ನೆ ಸಂಜೆ ಅಯ್ಯನವರ ಹತ್ತಿರ ಚಂದಾ ಪುಸ್ತಕ ತೆಗೆಸಿ ನೋಡಿದೆ. ನಮ್ಮಲ್ಲಿ ತಮ್ಮದೇ ಹೆಸರಲ್ಲಿ ಚಂದಾ ಕಟ್ಟುವ ಹೆಂಗಸರು 9 ಜನ ಮಾತ್ರ. ಅದರಲ್ಲಿ 7 ಜನ ವಿಧವೆಯರು. ನಾನು 15 ವರ್ಷದಿಂದ ಲಕೋಟೆ ಹಾಕುತ್ತಿದ್ದೇನೆ, ನನ್ನ ಹೆಂಡತಿಯ ಹೆಸರೂ ಅದರಲ್ಲಿಲ್ಲ. ಅವಳು ಸಂಡೇ ಸ್ಕೂಲ್ ಮುಖ್ಯಸ್ಥೆ. ಮತದಾರರ ಪಟ್ಟಿ ಅಂಟಿಸಲು ಇನ್ನು ಎರಡು ಭಾನುವಾರ ಇದೆ. ಅಷ್ಟರಲ್ಲಿ ಇದನ್ನು ಸರಿ ಮಾಡಲು ಆಗುತ್ತದಾ?

ಸ್ತ್ರೀ ಸಂಘದ ಕಾರ್ಯದರ್ಶಿ:
ನಮಗೆ ಮೂರು ವರ್ಷ ಹಿಡಿಯಿತು ಅಣ್ಣ. ಆದರೆ ನಮ್ಮ ಅಯ್ಯನವರು ಪುಸ್ತಕ ತೋರಿಸಿರಲಿಲ್ಲ. ಈ ಭಾನುವಾರವೇ ಶುರು ಮಾಡಿ.

ಮಾಜಿ ಖಜಾಂಚಿ:
ಆಗುತ್ತದೆ. ಗಂಡ ಹೆಂಡತಿಗೆ ಬೇರೆ ಬೇರೆ ಲಕೋಟೆ ನಂಬರ್ ಕೊಡಿ. ಹಿಂದಿನ ರಸೀದಿಗಳನ್ನು ತಿದ್ದಬೇಡಿ, ಆಡಿಟ್‌ನಲ್ಲಿ ಸಿಕ್ಕಿಹಾಕಿಕೊಳ್ಳುತ್ತೀರಿ. ಮನೆಯವರೆಲ್ಲರ ಪರವಾಗಿ ಕಟ್ಟಿದ ಚಂದಾ ಅಂತ ಕಮಿಟಿಯಲ್ಲಿ ಠರಾವು ಮಾಡಿಸಿ, ಅಯ್ಯನವರ ಸಹಿ ಹಾಕಿಸಿ, ಪಟ್ಟಿಯ ಜೊತೆಗೆ ಕಳಿಸಿ. ಬಾಕಿ ಇರುವ ಮನೆಗಳಿಗೆ ಪಟ್ಟಿ ಅಂಟಿಸುವ ಮೊದಲು ಒಬ್ಬರು ಹೋಗಿ ಬರಲಿ. ಸ್ತ್ರೀ ಸಂಘದವರನ್ನೇ ಕಳಿಸಿ. ರಸೀದಿ ಪುಸ್ತಕ ಅವರ ಕೈಯಲ್ಲೇ ಇರಲಿ.