ಕಡಲೆ ಹೊಲದಲ್ಲಿ ಮೊಲದ ಮರಿ ಸಿಕ್ಕಿವೆ, ಏನು ಮಾಡೋದು?

ಮುಳಗುಂದ ಕಡೆಯಿಂದ ಕೇಳಿದ್ದು:
ಇವತ್ತು ಮುಂಜಾನೆ ಕಡಲೆ ಕೀಳುವಾಗ ಎರಡು ಮೊಲದ ಮರಿ ಸಿಕ್ಕಿವೆ. ತಾಯಿ ಕಾಣಲಿಲ್ಲ. ಒಂದನ್ನು ನಮ್ಮ ನಾಯಿ ಬಾಯಲ್ಲಿ ಹಿಡಿದಿತ್ತು, ಹಿಂಗಾಲು ಎಳೆಯುತ್ತಿದೆ. ಇನ್ನೊಂದಕ್ಕೆ ಏನೂ ಆಗಿಲ್ಲ. ಎರಡನ್ನೂ ಮನೆಗೆ ತಂದು ಬುಟ್ಟಿಯಲ್ಲಿ ಇಟ್ಟಿದ್ದೇವೆ. ಆಕಳ ಹಾಲು ಕುಡಿಸು ಅಂತಾಳೆ ಅವ್ವ. ಅನುಭವ ಇದ್ದವರು ಹೇಳಿ.

ಧಾರವಾಡದಿಂದ:
ಅಣ್ಣಾ, ಮೈತುಂಬ ಕೂದಲಿದ್ದು ಕಣ್ಣು ಬಿಟ್ಟಿದ್ದರೆ ಅವು ಕಾಡುಮೊಲದ ಮರಿ. ಹುಟ್ಟುವಾಗಲೇ ಹಾಗಿರುತ್ತವೆ, ಬಿಲದಲ್ಲೂ ಇರೋದಿಲ್ಲ, ಹುಲ್ಲಿನ ಮರೆಯಲ್ಲಿ ಸುಮ್ನೆ ಅಲುಗಾಡದೆ ಕೂತಿರುತ್ತವೆ. ತಾಯಿ ಹಗಲೆಲ್ಲ ದೂರವೇ ಇರುತ್ತದೆ, ಬೇಕಂತಲೇ. ಅದು ಮರಿ ಹತ್ತಿರ ಓಡಾಡಿದರೆ ನರಿ, ನಾಯಿಗಳಿಗೆ ಜಾಗ ತೋರಿಸಿದ ಹಾಗೆ ಆಗುತ್ತದಲ್ವಾ? ಬಂದು ಹಾಲು ಕೊಡೋದು ಹೆಚ್ಚಾಗಿ ಕತ್ತಲಾದ ಮೇಲೆ, ದಿನಕ್ಕೆ ಒಂದೆರಡು ಸಲ, ಅದೂ ಕೆಲವೇ ನಿಮಿಷ. ಅಂದರೆ ನಿಮಗೆ ಸಿಕ್ಕಿದ್ದು ತಬ್ಬಲಿ ಮರಿಗಳಲ್ಲ.

ಚೆನ್ನಾಗಿರುವ ಮರಿಯನ್ನು ಇವತ್ತೇ, ಹೊತ್ತು ಮುಳುಗುವ ಮೊದಲು, ಸಿಕ್ಕ ಜಾಗದ ಹತ್ತಿರವೇ ಬಿಡಿ. ಅಲ್ಲಿ ಎಲ್ಲಾ ಕಿತ್ತು ಬಯಲಾಗಿದ್ದರೆ ಬದುವಿನ ಹುಲ್ಲಿನಲ್ಲಿ ಇಟ್ಟರೂ ನಡೆಯುತ್ತದೆ. ನಾಯಿಯನ್ನು ಮನೆಯಲ್ಲಿ ಕಟ್ಟಿಹಾಕಿ. ಪಕ್ಕದಲ್ಲಿ ನಿಂತು ಕಾಯಬೇಡಿ, ನೀವಿದ್ದರೆ ತಾಯಿ ಬರೋದಿಲ್ಲ. ಮನುಷ್ಯರು ಮುಟ್ಟಿದರೆ ತಾಯಿ ಬಿಟ್ಟು ಹೋಗುತ್ತದೆ ಅನ್ನೋದು ಸುಳ್ಳು. ಆ ಮಾತು ನಂಬಿಯೇ ಎಷ್ಟೋ ಜನ ಮರಿಗಳನ್ನು ವಾಪಸ್ ಬಿಡದೆ ಮನೆಯಲ್ಲಿ ಇಟ್ಟುಕೊಂಡು ಸಾಯಿಸುತ್ತಾರೆ.

ಹುಬ್ಬಳ್ಳಿಯಿಂದ:
ಕಾಲು ಎಳೆಯುವ ಮರಿಯನ್ನು ಮಾತ್ರ ಬಿಡಬೇಡಿ. ಗಾಯ ಕಾಣಲಿಲ್ಲ ಅಂತ ಸುಮ್ಮನಿರಬೇಡಿ, ನಾಯಿ ಬೆಕ್ಕಿನ ಹಲ್ಲು ತಾಗಿದ್ದು ಕೂದಲೊಳಗೆ ಸೂಜಿ ಚುಚ್ಚಿದಷ್ಟೇ ಇರುತ್ತದೆ, ಒಳಗೆ ಕೀವಾಗುತ್ತದೆ. ನಮ್ಮ ಬಿಳಿ ಮೊಲಕ್ಕೆ ಬೆಕ್ಕು ಕಚ್ಚಿದಾಗ ನೋಡಿದವರೊಬ್ಬರು ಅಮಾಕ್ಸಿಸಿಲಿನ್ ಸಿರಪ್ ಬರೆದುಕೊಟ್ಟಿದ್ದರು. ಬೇರೆ ಡಾಕ್ಟರ್ ಆ ಚೀಟಿ ನೋಡಿ ತಲೆ ಚಚ್ಚಿಕೊಂಡರು. ಮೊಲಕ್ಕೆ ಅದನ್ನು ಬಾಯಿಂದ ಕೊಟ್ಟರೆ ಕರುಳಿನ ಒಳ್ಳೆಯ ಬ್ಯಾಕ್ಟೀರಿಯಾ ಸತ್ತು ಭೇದಿ ಹತ್ತಿ ಜೀವಕ್ಕೇ ಕುತ್ತು. ಮನೆಯಲ್ಲಿ ಉಳಿದ ಮಾತ್ರೆ ಪುಡಿ ಮಾಡಿ ಹಾಕುವವರು ದಯವಿಟ್ಟು ನೆನಪಿಡಿ. ನಾಯಿಗೆ ಹಚ್ಚುವ ಫಿಪ್ರೋನಿಲ್ ಉಣ್ಣೆ ಔಷಧವೂ ಮೊಲಕ್ಕೆ ವಿಷವೇ.

ಎತ್ತುವಾಗ ಕಿವಿ ಹಿಡಿದು ಎತ್ತಬೇಡಿ. ಒಂದು ಕೈ ಎದೆ ಕೆಳಗೆ, ಇನ್ನೊಂದು ಹಿಂಭಾಗದ ಕೆಳಗೆ. ಹೆದರಿ ಜೋರಾಗಿ ಒದ್ದರೆ ಅದರದೇ ಬೆನ್ನುಮೂಳೆ ಮುರಿಯಬಹುದು, ಅಷ್ಟು ಹಗುರ ಎಲುಬು. ಬಟ್ಟೆ ಸುತ್ತಿ ಹಿಡಿಯಿರಿ.

ಡಂಬಳದಿಂದ:
ನಾವು ಕಪ್ಪತಗುಡ್ಡದ ಅಂಚಿನವರು, ಪ್ರತಿ ಸುಗ್ಗಿಯಲ್ಲೂ ಇದು ಇದ್ದದ್ದೇ. ಒಂದು ಮಾತು ಯಾರೂ ಹೇಳಲಿಲ್ಲ. ಕಾಡುಮೊಲ ಸಾಕುವ ಹಾಗಿಲ್ಲರೀ, 1972ರ ವನ್ಯಜೀವಿ ಕಾಯ್ದೆ ಅಡ್ಡ ಬರುತ್ತದೆ. ಅರಣ್ಯ ಇಲಾಖೆಯ ಸಹಾಯವಾಣಿ 1926ಕ್ಕೆ ಫೋನ್ ಮಾಡಿ, ಗಾಯಗೊಂಡ ಮರಿ ಇದೆ ಅಂತ ಹೇಳಿ. ಫೋಟೋ ತೆಗೆದು ಸ್ಟೇಟಸ್ ಹಾಕೋದು ಬೇಡ. ಗದಗದಲ್ಲಿ ಪಶುವೈದ್ಯಕೀಯ ಕಾಲೇಜೇ ಇದೆ, ಎಲ್ಲಿ ತೋರಿಸಬೇಕು ಅಂತ ಇಲಾಖೆಯವರನ್ನೇ ಕೇಳಿ.

ಮುಳಗುಂದದವರು:
ಫೋನ್ ಮಾಡಿದೆ. ನಾಳೆ ಬೆಳಗ್ಗೆ ಬರ್ತೀವಿ ಅಂದರು. ರಾತ್ರಿ ಏನು ಕೊಡಲಿ? ಆಡಿನ ಹಾಲು ಸಿಗುತ್ತದೆ.

ರಾಣೆಬೆನ್ನೂರಿನಿಂದ:
ಮೊದಲು ಬೆಚ್ಚಗೆ ಮಾಡಿ, ಆಮೇಲೆ ಹಾಲಿನ ಮಾತು. ಮೈ ತಣ್ಣಗಿರುವ ಮರಿಗೆ ಕುಡಿಸಿದ್ದು ಅರಗೋದಿಲ್ಲ. ಬಾಟಲಿಗೆ ಬಿಸಿನೀರು ತುಂಬಿ, ಟವೆಲ್ ಸುತ್ತಿ, ರಟ್ಟಿನ ಡಬ್ಬಿಯ ಒಂದೇ ಬದಿಗೆ ಇಡಿ, ಸೆಕೆಯಾದರೆ ಮರಿ ಆಚೆ ಸರಿಯಲಿ. ಡಬ್ಬಿ ಕತ್ತಲ ಕೋಣೆಯಲ್ಲಿರಲಿ. ಮಕ್ಕಳು, ಟಿವಿ, ನಾಯಿ ಯಾವುದೂ ಹತ್ತಿರ ಬೇಡ. ಹೆದರಿಕೆಯಿಂದಲೇ ಸತ್ತುಹೋಗುವ ಪ್ರಾಣಿ ಇದು.

ಅವ್ವನಿಗೆ ಬೇಜಾರಾಗದ ಹಾಗೆ ಹೇಳಿ, ಆಕಳ ಹಾಲು ಬೇಡ. ಮೊಲದ ಹಾಲಿನಲ್ಲಿ ಕೊಬ್ಬು ನೂರಕ್ಕೆ 10ಕ್ಕಿಂತ ಜಾಸ್ತಿ, ಆಕಳದ್ದರಲ್ಲಿ 4ರ ಆಸುಪಾಸು. ಹೊಟ್ಟೆ ತುಂಬೋದಿಲ್ಲ, ಭೇದಿ ಮಾತ್ರ ಆಗುತ್ತದೆ. ಬೆಕ್ಕಿನ ಮರಿಗೆ ಕೊಡುವ ಹಾಲಿನ ಪುಡಿ ಒಳ್ಳೆಯದು, ಅದಿಲ್ಲದಿದ್ದರೆ ಒಂದು ರಾತ್ರಿಗೆ ಆಡಿನ ಹಾಲು ಸಾಕು. ಸೂಜಿ ತೆಗೆದ 1 ಎಂ.ಎಲ್. ಸಿರಿಂಜಿನಲ್ಲಿ ತುಟಿಯ ಬದಿಗೆ ಒಂದೊಂದೇ ಹನಿ ಬಿಡಿ, ಅದಾಗಿಯೇ ನೆಕ್ಕಬೇಕು. ಮಗುವಿನ ಹಾಗೆ ಅಂಗಾತ ಮಲಗಿಸಬೇಡಿ, ನಾಲ್ಕು ಕಾಲ ಮೇಲೆ ಕೂತೇ ಕುಡಿಯಲಿ. ಮೂಗಿನಿಂದ ಹಾಲು ಬಂತೋ, ಅಲ್ಲಿಗೇ ನಿಲ್ಲಿಸಿ, ಶ್ವಾಸಕೋಶಕ್ಕೆ ಹೋಗಿರುತ್ತದೆ. ನೆಕ್ಕಲು ಒಪ್ಪದಿದ್ದರೆ ಬಲವಂತ ಬೇಡ. ಒಂದು ಹಿಡಿ ಗರಿಕೆ ಹುಲ್ಲು ಹಾಕಿಡಿ, ಸ್ವಲ್ಪ ಬೆಳೆದ ಮರಿಯಾದರೆ ಕಡಿಯುತ್ತದೆ.

ಕಾಲಿಗೆ ಕಡ್ಡಿ ಕಟ್ಟಲು ಹೋಗಬೇಡಿ, ಅರಿಶಿನ ಎಣ್ಣೆಯೂ ಬೇಡ. ನೊಣ ಕೂರದ ಹಾಗೆ ಡಬ್ಬಿಯ ಮೇಲೆ ತೆಳ್ಳನೆ ಬಟ್ಟೆ ಮುಚ್ಚಿದರೆ ಸಾಕು, ಗಾಯದಲ್ಲಿ ನೊಣ ಮೊಟ್ಟೆ ಇಟ್ಟರೆ ಬೇಗ ಹುಳ ಬೀಳುತ್ತದೆ.

ಧಾರವಾಡದಿಂದ, ಮತ್ತೆ:
ಅವರು ಬರೋದು ತಡವಾಗಿ ನೀವೇ ಗದಗಕ್ಕೆ ಒಯ್ಯಬೇಕಾಗಿ ಬಂದರೆ ಬಿಸಿಲು ಏರುವ ಮೊದಲೇ ಹೊರಡಿ. ಡಬ್ಬಿಗೆ ಗಾಳಿ ತೂತು ಇರಲಿ, ತಳಕ್ಕೆ ಜಾರದ ಹಾಗೆ ಹಳೆ ಟವೆಲ್ ಹಾಸಿ. ಬೈಕಿನಲ್ಲಾದರೆ ಹಿಂದೆ ಕೂತವರು ಡಬ್ಬಿಯನ್ನು ತೊಡೆಯ ಮೇಲೆ ಹಿಡಿದುಕೊಳ್ಳಲಿ, ಟ್ಯಾಂಕಿನ ಮೇಲೆ ಇಟ್ಟರೆ ಬಿಸಿ ತಾಗುತ್ತದೆ.