ಅಪ್‌ಡೇಟ್: ಇಳಿಜಾರಿನ ಓಟ, ತೊಡೆ ನೋವು, ಕಪ್ಪಾದ ಉಗುರು

ಮಡಿಕೇರಿಯ ಇಳಿಜಾರಲ್ಲಿ ಉದ್ದ ಓಟ ಮುಗಿಸಿದರೆ ಮೆಟ್ಟಿಲಿಳಿಯಲಾಗದಷ್ಟು ತೊಡೆ ನೋವು, ಹೆಬ್ಬೆರಳ ಉಗುರು ಕಪ್ಪು. ಮ್ಯಾರಥಾನ್‌ಗೆ ಮುಂಚೆ ಏನು ಮಾಡಲಿ ಎಂದು ಕೇಳಿದ್ದೆ. ಉತ್ತರಿಸಿದ ಎಲ್ಲರಿಗೂ ಧನ್ಯವಾದ, ಎರಡೂ ಹತೋಟಿಗೆ ಬಂದಿವೆ.

ಉಗುರಿನದು ಲೇಸ್ ಕಟ್ಟುವುದರಲ್ಲಿತ್ತು. ಇಳಿಯುವಾಗ ಪಾದ ಮುಂದಕ್ಕೆ ಜಾರಿ ಬೆರಳು ಶೂ ತುದಿಗೆ ಬಡಿಯುತ್ತದೆ. ಲೇಸನ್ನು ಅದೇ ಬದಿಯ ಕೊನೆಯ ತೂತಿಗೆ ಹಾಕಿ ಸಣ್ಣ ಕುಣಿಕೆ ಬಿಡಿ. ಎದುರು ಬದಿಯ ತುದಿಯನ್ನು ಅದರೊಳಗೆ ತೂರಿಸಿ, ಕೆಳಕ್ಕೆಳೆದು ಬಿಗಿಮಾಡಿ ಕಟ್ಟಿ. ಹಿಮ್ಮಡಿ ಕದಲುವುದಿಲ್ಲ. ಬೆರಳ ಮುಂದೆ ಹೆಬ್ಬೆರಳಗಲ ಜಾಗ ಬೇಕೇ ಬೇಕು. ನಮ್ಮ ಮಳೆಗೆ ಹತ್ತಿಯ ಕಾಲುಚೀಲ ಬೇಡವೇ ಬೇಡ.

ತೊಡೆಗೆ ಸಮಯ ಹಿಡಿಯಿತು. ಇಳಿಯುವಾಗ ಸ್ನಾಯು ಹಿಗ್ಗುತ್ತಲೇ ಭಾರ ತಡೆಯುತ್ತದೆ, ಅದಕ್ಕೇ ಪೆಟ್ಟು ಜಾಸ್ತಿ; ನೋವು 24ರಿಂದ 72 ಗಂಟೆಯೊಳಗೆ ತುದಿ ಮುಟ್ಟುತ್ತದೆ. ವಾರಕ್ಕೊಮ್ಮೆ 1 ಕಿ.ಮೀ. ಇಳಿಜಾರಿನಿಂದ ಶುರುಮಾಡಿ ನಿಧಾನಕ್ಕೆ 4ಕ್ಕೆ ಏರಿಸಿ, ಗಿಡ್ಡ ಹೆಜ್ಜೆ ಇಡಿ. ಸಂಪಾಜೆ ಘಾಟಿ ಬೇಡ, ವಾಹನಗಳ ಕಾಟ. ತೋಟದ ಒಳರಸ್ತೆಯೇ ಸಾಕು. ಓಟಕ್ಕೆ 2 ವಾರ ಇರುವಾಗ ಇಳಿಜಾರು ಬಿಟ್ಟುಬಿಡಿ.

ಮ್ಯಾರಥಾನ್‌ನ 42.195 ಕಿ.ಮೀ. ಮುಗಿದ ಕೂಡಲೇ ನೋವಿನ ಮಾತ್ರೆ ಐಬುಪ್ರೊಫೇನ್ ನುಂಗಬೇಡಿ. ನೀರಿಲ್ಲದ ಮೈಯಲ್ಲಿ ಅದು ಮೂತ್ರಪಿಂಡಕ್ಕೆ ಅಪಾಯ. ಮೂತ್ರ ಡಿಕಾಕ್ಷನ್ ಬಣ್ಣಕ್ಕೆ ತಿರುಗಿದರೆ ಕಾಯದೆ ಆಸ್ಪತ್ರೆಗೆ ಹೋಗಿ.